ಪಾದ ನೆಲಕ್ಕೆ ತಾಗಿರಬೇಕು

ನಮ್ಮೂರಿನಲ್ಲಿ ಮನೆಗಳು ವರ್ಷಕ್ಕೊಂದು ಗೇಣು ಇಳಿಯುತ್ತವೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ಒಂದೆರಡು ವರ್ಷ ಹೊಸ್ತಿಲ ಹತ್ತಿರ ನಿಂತು ನೋಡುತ್ತಾರೆ, ಆಮೇಲೆ ನೋಡುವುದನ್ನು ಬಿಡುತ್ತಾರೆ. ನನ್ನ ಹೆಂಡತಿ ಕಸ್ತೂರಿ ಮೂರು ವರ್ಷ ನೋಡಿದಳು, ಅವಳಿಗೆ ಸ್ವಲ್ಪ ಹಟ ಜಾಸ್ತಿ. ಬಾಗಿಲು ತಲೆಗೆ ಬಡಿಯುವಷ್ಟು ಗಿಡ್ಡವಾದಾಗ ಮೇಲೊಂದು ಅಂತಸ್ತು ಕಟ್ಟುತ್ತೇವೆ. ಅಟ್ಟ ನಡುಮನೆಯಾಗುತ್ತದೆ, ನಡುಮನೆ ನೆಲಮನೆಯಾಗುತ್ತದೆ. ನನ್ನ ಅಡುಗೆಮನೆಯ ಕೆಳಗೆ ನನ್ನ ಅವ್ವನ ಅಡುಗೆಮನೆ ಇದೆ, ಅದರ ಕೆಳಗೆ ಅಜ್ಜಿಯದು. ಅಜ್ಜಿಯ ಬೀಸುವ ಕಲ್ಲು ಭಾರವೆಂದು ಅಲ್ಲೇ ಬಿಟ್ಟರಂತೆ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಮೇಲೆ ಎಷ್ಟು ಅಂತಸ್ತು ಇದೆ ಎಂದು ಕೇಳುವುದಿಲ್ಲ, ಕೆಳಗೆ ಎಷ್ಟಿದೆ ಎಂದು ಕೇಳುತ್ತಾರೆ. ಕೆಳಗೆ ಮೂರಿದ್ದರೆ ದೊಡ್ಡ ಮನೆತನ.

ನೆಲಮನೆಗೆ ಯಾರೂ ಇಳಿಯುವುದಿಲ್ಲ. ಅಲ್ಲಿ ಎಣ್ಣೆ ಬರುತ್ತದೆ. ಕಪ್ಪಗೆ, ಮಂದವಾಗಿ, ಸದ್ದಿಲ್ಲದೆ ಗೋಡೆಯ ಮೂಲೆಗಳಿಂದ ಬಂದು ಮೊಣಕಾಲ ಮಟ್ಟಕ್ಕೆ ನಿಲ್ಲುತ್ತದೆ. ಗುರುವಾರ ಕಂಪನಿಯ ಗಾಡಿ ಬಂದು ಪ್ರತಿ ಮನೆಯ ನೆಲದ ಕಿಂಡಿಯೊಳಗೆ ಕೊಳವೆ ಬಿಟ್ಟು ಹೀರಿಕೊಂಡು ಹೋಗುತ್ತದೆ. ಸೋಮವಾರ ಇನ್ನೊಂದು ಗಾಡಿ ಬಂದು ಅದಕ್ಕೆ ತಕ್ಕಷ್ಟು ಇಟ್ಟಿಗೆ ಇಳಿಸಿ ಹೋಗುತ್ತದೆ. ಎಣ್ಣೆ ತೆಗೆದರೆ ಮನೆ ಇಳಿಯುತ್ತದೆ, ಮನೆ ಇಳಿದರೆ ಮೇಲೆ ಕಟ್ಟಲು ಇಟ್ಟಿಗೆ ಬೇಕು, ಇಟ್ಟಿಗೆ ಬೇಕೆಂದರೆ ಎಣ್ಣೆ ಕೊಡಬೇಕು. ಇದು ಶುರುವಾದದ್ದು ಎಲ್ಲಿಂದ ಎಂದು ಹಿಂದೆ ಕಟ್ಟೆಯ ಮೇಲೆ ಕೂತವರು ವಾದ ಮಾಡುತ್ತಿದ್ದರು, ಈಗ ಅದೂ ಬೇಸರವಾಗಿ ನಿಂತುಹೋಗಿದೆ. ಊರಿನ ಬಾವಿಗಳ ನೀರನ್ನು ದನವೂ ಮೂಸುವುದಿಲ್ಲ. ಕುಡಿಯುವ ನೀರು ಎರಡು ಹರದಾರಿ ದೂರದಿಂದ ಕತ್ತೆಯ ಮೇಲೆ ಬರುತ್ತದೆ. ಕೆರೆಗೆ ಇಳಿದ ಕೊಕ್ಕರೆ ಬೆಳ್ಳಗೆ ಮೇಲೇಳುವುದಿಲ್ಲ, ಹಾಗಾಗಿ ಕೊಕ್ಕರೆಗಳೂ ಬರುವುದನ್ನು ಬಿಟ್ಟಿವೆ. ನಮ್ಮ ಮಕ್ಕಳು ಮಾತು ಕಲಿಯುವ ಮೊದಲು ಕೆಮ್ಮು ಕಲಿಯುತ್ತಾರೆ. ಇಷ್ಟು ಬಿಟ್ಟರೆ ನಮ್ಮದು ಒಳ್ಳೆಯ ಊರು, ಜಗಳ ಕಡಿಮೆ.

ನಾನು ಚಿತ್ರ ಬರೆಯುವವನು, ಹೆಸರು ಈರಬಸಪ್ಪ. ನನ್ನ ಅಪ್ಪನೂ ಚಿತ್ರ ಬರೆಯುತ್ತಿದ್ದ. ಕಂಪನಿ ಊರಿಗೆ ಬಂದ ವರ್ಷ ಪೇಟೆಗೆ ಎದುರಾಗಿ ಉದ್ದಕ್ಕೂ ಒಂದು ಗೋಡೆ ಕಟ್ಟಿಸಿ, ಅದರ ಮೇಲೆ ಊರಿನ ಚಿತ್ರ ಬರೆಯಲು ಅಪ್ಪನಿಗೆ ಹೇಳಿದರು. ಮನೆಗೊಬ್ಬರಂತೆ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ ಇನ್ನೂರ ಹನ್ನೆರಡು ಜನ, ಸಾಲಾಗಿ ನಿಂತು ಕೈಮುಗಿದಿರುವ ಹಾಗೆ. ಅಪ್ಪ ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಬರೆದ. ಮೆಳ್ಳಗಣ್ಣಿನವರಿಗೆ ಮೆಳ್ಳಗಣ್ಣು, ಬೋಳುತಲೆಯವರಿಗೆ ಬೋಳುತಲೆ. ಚಿತ್ರ ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದೇ ತಪ್ಪಾಯಿತೋ ಏನೋ, ಕಂಪನಿಯವರು ಅದನ್ನು ಒಪ್ಪಂದದ ಒಳಗೇ ಸೇರಿಸಿಬಿಟ್ಟರು. ಊರು ಇಳಿದಿದೆಯೋ ಇಲ್ಲವೋ ನೋಡಲು ಹನ್ನೆರಡು ವರ್ಷಕ್ಕೊಮ್ಮೆ ರಾಜಧಾನಿಯಿಂದ ಅಧಿಕಾರಿ ಬರುತ್ತಾನೆ. ಅವನು ಯಾವ ಮನೆಯನ್ನೂ ಅಳೆಯುವಂತಿಲ್ಲ. ಚಿತ್ರದಲ್ಲಿ ನಿಂತವರ ಪಾದ ನೆಲಕ್ಕೆ ತಾಗಿರುವವರೆಗೆ ಊರು ಇಳಿದಿಲ್ಲವೆಂದೇ ತಿಳಿಯಬೇಕು. ಒಬ್ಬರ ಪಾದ ಮುಚ್ಚಿಹೋಗಿದ್ದರೂ ಕಂಪನಿ ಎಣ್ಣೆ ತೆಗೆಯುವುದನ್ನು ನಿಲ್ಲಿಸಿ, ಗುಡ್ಡದ ಕಲ್ಲುನೆಲದ ಮೇಲೆ ಎಲ್ಲರಿಗೂ ಮನೆ ಕಟ್ಟಿಕೊಡಬೇಕು.

ಗೋಡೆಯೂ ಇಳಿಯುತ್ತದೆ. ಆದ್ದರಿಂದ ಪ್ರತಿ ಮಾಘದಲ್ಲಿ ಗೋಡೆಯ ಮೇಲೆ ಒಂದು ಗೇಣು ಇಟ್ಟಿಗೆ ಏರಿಸುತ್ತಾರೆ, ನಾನು ಎಲ್ಲರನ್ನೂ ಒಂದು ಗೇಣು ಮೇಲೆ ಎತ್ತಿ ಬರೆಯುತ್ತೇನೆ. ಅಪ್ಪ ಬಿಟ್ಟುಹೋದ ಇನ್ನೂರ ಹನ್ನೆರಡು ಕಾಗದಗಳಿವೆ, ಆಳುದ್ದದವು. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ್ದು. ಗೋಡೆಗೆ ಸುಣ್ಣ ಬಳಿದು, ಕಾಗದ ಹಚ್ಚಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕೆಗಳಲ್ಲಿ ಮನುಷ್ಯ ಮೂಡುತ್ತಾನೆ. ಆಮೇಲೆ ಗೆರೆ, ಆಮೇಲೆ ಬಣ್ಣ. ಗೆರೆಯ ಕಪ್ಪನ್ನು ನಮ್ಮ ಕಿಂಡಿಯ ಎಣ್ಣೆಯನ್ನೇ ಕಾಯಿಸಿ ಮಾಡುತ್ತೇನೆ, ಅದರಷ್ಟು ಗಟ್ಟಿ ಕಪ್ಪು ಬೇರೆ ಯಾವುದರಿಂದಲೂ ಬರುವುದಿಲ್ಲ. ಪಾದದಿಂದ ಶುರುಮಾಡಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದ. "ಪಾದ ನೆಲಕ್ಕ ತಾಗಿದ್ರ ಸಾಕು, ಉಳಿದದ್ದು ಹೆಂಗಿದ್ರೂ ನಡೀತೈತಿ" ಅನ್ನುತ್ತಿದ್ದ. ಕೆಲಸ ಮುಗಿಯುವ ಹೊತ್ತಿಗೆ ಯಾರಾದರೂ ಬಂದು, ನಮ್ಮಪ್ಪನ ಹಿಮ್ಮಡಿ ಸ್ವಲ್ಪ ಮಣ್ಣಿನೊಳಗೆ ಹೋಗಿದೆ, ಎತ್ತಿಬಿಡು ಎಂದು ತಕರಾರು ತೆಗೆಯುತ್ತಿದ್ದರು. ಜನಕ್ಕೆ ತಮ್ಮ ಮನೆ ಇಳಿಯುವುದು ಕಾಣುವುದಿಲ್ಲ, ಚಿತ್ರದ ಹಿಮ್ಮಡಿ ಕಾಣುತ್ತದೆ.

ಆ ವರ್ಷ ಅಧಿಕಾರಿ ಬರುವ ವರ್ಷ. ಪುಷ್ಯದ ಕೊನೆಗೆ ನನ್ನ ಸೋದರತ್ತೆ ಶಾವಂತ್ರವ್ವ ನಮ್ಮ ಮನೆಗೆ ಬಂದಳು. ಅವಳು ಇರುವುದು ತಗ್ಗಿನ ಓಣಿಯಲ್ಲಿ, ಹದಿನಾರು ಮನೆಗಳ ಓಣಿ. ಕೌದಿ ಹೊಲಿದು ಬದುಕುತ್ತಾಳೆ, ಊರಿನ ಅರ್ಧ ಮಕ್ಕಳು ಅವಳ ಕೌದಿಯ ಮೇಲೇ ಹುಟ್ಟಿದ್ದು. ತಗ್ಗಿನ ಓಣಿಯ ಕೆಳಗಿನ ಎಣ್ಣೆ ಮೂರು ವರ್ಷದ ಹಿಂದೆ ಬತ್ತಿತು. ಎಣ್ಣೆ ಬತ್ತಿದರೂ ಮನೆಗಳು ನಿಲ್ಲಲಿಲ್ಲ, ಒಳಗೆಲ್ಲ ಪೊಳ್ಳಾಗಿ ಗೇಣಿನ ಬದಲು ಮೊಳಗಟ್ಟಲೆ ಇಳಿಯತೊಡಗಿದವು. ಎಣ್ಣೆ ಇಲ್ಲವೆಂದು ಕಂಪನಿಯ ಇಟ್ಟಿಗೆ ಗಾಡಿ ಆ ಓಣಿಗೆ ತಿರುಗುವುದನ್ನು ಬಿಟ್ಟಿತು. ಅತ್ತೆಯ ಬಾಗಿಲು ಆಗಲೇ ಮಣ್ಣೊಳಗೆ ಹೋಗಿತ್ತು. ಅರವತ್ತೆಂಟರ ಹೆಂಗಸು ಕಿಟಕಿಯಿಂದ ಹತ್ತಿ ಇಳಿದು ಮಾಡುತ್ತಿದ್ದಳು. ಇನ್ನೊಂದು ವರ್ಷಕ್ಕೆ ಕಿಟಕಿಯೂ ಹೋಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಸ್ತೂರಿ ಕೊಟ್ಟ ಚಹಾ ಕುಡಿದು ಮುಗಿಸಿ ಅತ್ತೆ ಹೇಳಿದಳು, "ಈ ಸಲ ಎತ್ತಬ್ಯಾಡಪಾ, ಈರಬಸೂ."

"ಯಾರನ್ನ?"

"ಯಾರನ್ನೂ ಎತ್ತಬ್ಯಾಡ. ಇದ್ದಂಗ ಬಿಡು. ಬರಾವ ನೋಡ್ಲಿ."

"ಎತ್ತಲಿಲ್ಲಂದ್ರ ಕಂಪನಿ ನಿಲ್ತೈತಿ, ಅತ್ತಿ. ಇಟ್ಟಿಗೀನೂ ನಿಲ್ತಾವ, ಗುಡ್ಡದ ಮ್ಯಾಲಿನ ಮನಿ ಯಾವಾಗ ಆಗ್ತಾವೋ ಯಾರಿಗ್ಗೊತ್ತು. ಊರಾಗಿನ ಮಂದಿ ನನ್ನ ಸುಮ್ನ ಬಿಡ್ತಾರೇನು?"

"ನಮಗ ಇಟ್ಟಿಗಿ ನಿಂತು ಮೂರ ವರ್ಷಾತು. ನಾವು ಯಾರಿಗೇನು ಮಾಡೀವಿ?" ಎಂದು ಅತ್ತೆ ಚಹಾದ ಬಟ್ಟಲು ಕೆಳಗಿಟ್ಟಳು. "ನನಗ ಗುಡ್ಡದ ಮ್ಯಾಲ ಒಂದ ಖೋಲಿ ಸಾಕು. ಬಾಗಲಾ ಇರಬೇಕು, ಅಷ್ಟ. ಬಾಗಲದಾಗ ಹಾದು ಬರಬೇಕನಸ್ತೈತಿ ನೋಡು."

ಅವಳು ಹೋದ ಮೇಲೆ ಕಸ್ತೂರಿ ನನ್ನ ಮುಖ ನೋಡಿದಳು. ನಮ್ಮ ಮೇಲಿನ ಅಂತಸ್ತು ಅರ್ಧ ಎದ್ದಿತ್ತು, ಸೂರು ಬಾಕಿ ಇತ್ತು. ಚಿತ್ರದ ಕೂಲಿಯೂ ನನಗೆ ಇಟ್ಟಿಗೆಯಲ್ಲೇ ಬರುವುದು. "ಆಕಿ ಹೇಳೂದು ಖರೇನ ಐತ್ರೀ" ಎಂದಳು. ಚಹಾದ ಬಟ್ಟಲು ತೊಳೆದಿಟ್ಟು, "ಮಳಿಗಾಲದಾಗ ಮ್ಯಾಲಿಂದ ಸೋರಿದ್ರ ಏನ್ ಮಾಡೂದು?" ಎಂದಳು. ಎರಡೂ ಮಾತು ನಿಜವೇ ಆಗಿದ್ದವು.

ಮಾಘದಲ್ಲಿ ಕೆಲಸ ಶುರುಮಾಡಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ನಾನು ಅದನ್ನೇ ಮಾಡಲು ಹೊರಟೆ. ಅತ್ತೆಯ ಮಾತೂ ನಡೆಯಬೇಕು, ನಿಮ್ಮವರನ್ನು ನಾನು ಎತ್ತಿದ್ದೇನೆ ಎಂದು ಊರಿಗೂ ಹೇಳುವಂತಿರಬೇಕು. ಇನ್ನೂರ ಹನ್ನೆರಡರಲ್ಲಿ ನೂರ ತೊಂಬತ್ತಾರು ಜನರನ್ನು ಎಂದಿನಂತೆ ಎತ್ತಿದೆ. ತಗ್ಗಿನ ಓಣಿಯ ಹದಿನಾರು ಜನರನ್ನು ಎತ್ತಲಿಲ್ಲ. ಎತ್ತದಿರುವುದಷ್ಟೇ ಅಲ್ಲ, ಅವರ ಮನೆಗಳು ಎಷ್ಟು ಇಳಿದಿದ್ದವೋ ಅಷ್ಟೇ ಅವರನ್ನೂ ಇಳಿಸಿದೆ. ಕಾಗದವನ್ನು ಅಡಿಯಿಂದ ಮಡಚಿ, ಸೊಂಟದಿಂದ ಮೇಲೆ ಮಾತ್ರ ಇದ್ದಿಲು ತಟ್ಟಿದೆ. ಅವರಲ್ಲಿ ಅತ್ತೆಯ ಗಂಡ, ನನ್ನ ಮಾವ ಒಬ್ಬ. ಎಂಟು ವರ್ಷದ ಹಿಂದೆ ದಮ್ಮು ಹತ್ತಿ ತೀರಿಕೊಂಡಿದ್ದ. ಅವನ ಚಿತ್ರ ಅಂತ ಇರುವುದು ಅದೊಂದೇ. ಎತ್ತರದ ಆಳು, ಅಪ್ಪ ಅವನನ್ನು ಬರೆಯುವಾಗ ಗೋಡೆ ಸಾಲದೆಂದು ತಮಾಷೆ ಮಾಡಿದ್ದನಂತೆ. ಅವನನ್ನು ಸೊಂಟದವರೆಗೆ ನೆಲದಲ್ಲಿ ಹೂತು ಗೆರೆ ಎಳೆದೆ. ನನಗೆ ನನ್ನ ಬಗ್ಗೆ ಹೆಮ್ಮೆಯೇ ಆಯಿತು, ಅದನ್ನು ಯಾಕೆ ಮುಚ್ಚಿಡಲಿ. ಇಷ್ಟು ವರ್ಷದಲ್ಲಿ ಮೊದಲ ಸಲ ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ, ಹದಿನಾರು ಜನರ ಮಟ್ಟಿಗಾದರೂ. ತಗ್ಗಿನ ಓಣಿಯವರು ಬಂದು ನೋಡಿದರು. ಅತ್ತೆ ಗೋಡೆಯ ಹತ್ತಿರ ಹೋಗಿ ಮಾವನ ಸೊಂಟ ಮುಗಿದ ಜಾಗದಲ್ಲಿ ಮಣ್ಣನ್ನು ಕೈಯಿಂದ ಮುಟ್ಟಿ, "ಈಗ ಖರೆ ಆತು" ಅಂದಳು.

ಫಾಲ್ಗುಣದಲ್ಲಿ ಅಧಿಕಾರಿ ಬಂದ. ತೆಳ್ಳಗಿನ, ಬಿಸಿಲು ತಾಳದ ಮನುಷ್ಯ. ಕೊಡೆ ಹಿಡಿಯಲು ಒಬ್ಬ, ಪೆಟ್ಟಿಗೆ ಹಿಡಿಯಲು ಇನ್ನೊಬ್ಬ. ಕಂಪನಿಯ ಮ್ಯಾನೇಜರ್ ವಾಮನರಾಯರು ಜೊತೆಗೆ ನಡೆಯುತ್ತಿದ್ದರು. ಊರೆಲ್ಲ ಪೇಟೆಯಲ್ಲಿ ಸೇರಿತ್ತು. ಅಧಿಕಾರಿ ಗೋಡೆಯುದ್ದಕ್ಕೂ ಪಾದಗಳನ್ನು ನೋಡುತ್ತಾ ಬಂದ. ನೂರು, ನೂರೈವತ್ತು ದಾಟಿದ. ತಗ್ಗಿನ ಓಣಿಯವರ ಮುಂದೆ ಬಂದು ನಿಂತ.

"ಇವರು ಯಾಕೆ ಹೀಗಿದ್ದಾರೆ?"

ವಾಮನರಾಯರು ಅದನ್ನು ಆಗಲೇ ನೋಡಿದ್ದರೆಂದು ನನಗೆ ಅನಿಸುತ್ತದೆ, ಯಾಕೆಂದರೆ ಅವರು ತಡವರಿಸಲೇ ಇಲ್ಲ. "ಕೂತಾರ್ರೀ ಸರ್" ಅಂದರು. "ಉಳಿದವರು ನಿಂತಾರ, ಇವರು ಕೂತಾರ. ಕೈ ಮುಗದಾರ ನೋಡ್ರಿ, ಪೂಜಾಕ್ಕ ಕೂತವ್ರು."

ನಾನು ಚಿತ್ರವನ್ನು ನೋಡಿದೆ. ಹೌದು, ಕೂತವರ ಹಾಗೆಯೇ ಇದ್ದರು. ಅಪ್ಪ ಎಲ್ಲರನ್ನೂ ಕೈಮುಗಿಸಿಯೇ ಬರೆದಿದ್ದ. ಸೊಂಟದ ಮೇಲೆ ಮಾತ್ರ ಉಳಿದ ಮನುಷ್ಯ ಕೈಮುಗಿದಿದ್ದರೆ ಕೂತಿದ್ದಾನೆಂದೇ ಯಾರಿಗಾದರೂ ಕಾಣುತ್ತದೆ. ಇಪ್ಪತ್ತೆರಡು ವರ್ಷ ಕುಂಚ ಹಿಡಿದವನಿಗೆ ಅಷ್ಟು ಹೊಳೆಯಲಿಲ್ಲ. ಕೈಗಳನ್ನು ಬಿಡಿಸಿ ನೆಲದ ಮೇಲೆ ಊರಿಸಿದ್ದರೂ ಸಾಕಿತ್ತು.

ಅಧಿಕಾರಿ ನನ್ನ ಕಡೆ ತಿರುಗಿದ. "ಬರೆದವನು ನೀನೇನಪ್ಪ? ಇವರು ಕೂತಿದ್ದಾರಾ?"

ಊರಿನ ಮುಂದೆ ನನ್ನನ್ನು ಯಾರೂ ಅಷ್ಟು ಮರ್ಯಾದೆಯಿಂದ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಎದುರಿಗೇ, ಬಳೆಗಾರನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಕಸ್ತೂರಿ ಅವಳ ಪಕ್ಕದಲ್ಲಿದ್ದಳು. ಊರು ಪೂರ್ತಿ ನನ್ನ ಬಾಯಿಯನ್ನೇ ನೋಡುತ್ತಿತ್ತು, ಇನ್ನೂರು ಮನೆಗಳ ಸೋಮವಾರದ ಗಾಡಿ ನನ್ನ ಬಾಯಲ್ಲಿತ್ತು. ನಾನು "ಹೌದ್ರಿ" ಎಂದೆ.

"ಕೂತವರ ಪಾದ ಕಾಣುವುದಿಲ್ಲ, ಸರಿ" ಎಂದು ಅಧಿಕಾರಿ ಬರೆದುಕೊಂಡ. ಇನ್ನು ಹನ್ನೆರಡು ವರ್ಷಕ್ಕೆ ಒಪ್ಪಂದ ಮುಂದುವರಿಯಿತು. ಜನ ಚದುರಿದರು. ಕೆಲವರು ನನ್ನ ಬೆನ್ನು ತಟ್ಟಿದರು. ಅತ್ತೆ ನನ್ನ ಮುಂದೆಯೇ ಹಾದುಹೋದಳು. ಒಂದು ಬೈಗುಳವಾದರೂ ಬೈದಿದ್ದರೆ ನನಗೆ ಆ ರಾತ್ರಿ ಊಟ ಸೇರುತ್ತಿತ್ತು.

ವಾಮನರಾಯರು ಬುದ್ಧಿವಂತರು. ಮಾರನೆಯ ದಿನವೇ ಕರೆಸಿದರು. ಇಷ್ಟು ವರ್ಷ ಇದು ಯಾರ ತಲೆಗೂ ಬರಲಿಲ್ಲವಲ್ಲ ಎಂದು ನಕ್ಕರು. ಎಲ್ಲರನ್ನೂ ಕೂರಿಸಿಬಿಡು ಎಂದರು. ಕೂತವರಿಗೆ ಪಾದದ ಗೋಜಿಲ್ಲ, ವರ್ಷ ವರ್ಷ ಎತ್ತುವ ಕೆಲಸವಿಲ್ಲ, ಗೋಡೆ ಎದೆಮಟ್ಟ ಇಳಿಯುವವರೆಗೆ ಚಿಂತೆಯಿಲ್ಲ. ನಾನು ಕೂರಿಸಿದೆ. ನೂರ ತೊಂಬತ್ತಾರು ಕಾಗದಗಳನ್ನು ಸೊಂಟಕ್ಕೆ ಕತ್ತರಿಸಿದೆ. ಒಬ್ಬರೂ ತಕರಾರು ತೆಗೆಯಲಿಲ್ಲ. ಪಾಪ, ಅವರೂ ಎಷ್ಟು ವರ್ಷ ನಿಂತಾರು ಎಂದು ಒಬ್ಬ ಮುದುಕ ಹೇಳಿ ಹೋದ. ಆ ಕೆಲಸಕ್ಕೆ ಬಂದ ಇಟ್ಟಿಗೆಯಲ್ಲಿ ನಮ್ಮ ಮೇಲಿನ ಅಂತಸ್ತಿನ ಗೋಡೆ ಮುಗಿದು, ಸೂರೂ ಏರಿತು, ಹೆಚ್ಚಿಗೆ ಒಂದು ಖೋಲಿಯೂ ಆಯಿತು.

ಶ್ರಾವಣದಲ್ಲಿ ಅತ್ತೆಯ ಕಿಟಕಿ ಹೋಯಿತು. ತಗ್ಗಿನ ಓಣಿಯ ಹದಿನಾರು ಮನೆಯವರು ಸಿಕ್ಕಸಿಕ್ಕವರ ಮನೆಗೆ, ನೆಂಟರ ಊರಿಗೆ ಹೋದರು. ಅತ್ತೆ ಹೊಲಿಗೆಯ ಗಂಟು ಹೊತ್ತು ನಮ್ಮ ಮನೆಗೆ ಬಂದಳು. ಬೇರೆ ಯಾರೂ ಇರಲಿಲ್ಲ, ಅದಕ್ಕೇ ಬಂದಳು, ಪ್ರೀತಿಯಿಂದಲ್ಲ. ನಾನು ಹೊಸ ಖೋಲಿಯ ಬಾಗಿಲು ತೆಗೆದು ಕೊಟ್ಟೆ. ಅದರೊಳಗೆ ಹಾದು ಹೋಗುವಾಗ ಅವಳು ಚೌಕಟ್ಟನ್ನು ಒಮ್ಮೆ ಮುಟ್ಟಿದಳು.

"ಕೂಡ್ರ ಬಾ, ಅತ್ತಿ" ಎಂದು ಕಸ್ತೂರಿ ಚಾಪೆ ಹಾಸಿದಳು.

"ಕೂಡ್ರಾಕ ಗ್ವಾಡಿ ಮ್ಯಾಲಿನ ಮಂದಿ ಅದಾರಲ್ಲವ್ವಾ" ಎಂದಳು ಅತ್ತೆ. ಅದು ನನಗೆ ಹೇಳಿದ್ದು. ಗೋಡೆಗೆ ಒರಗಿ, ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೇ ಉಂಡಳು.

ಒಂದು ದಿನದ ಸಿಟ್ಟು ಎಂದುಕೊಂಡೆವು. ಅಲ್ಲ. ಅತ್ತೆ ನಮ್ಮ ಮನೆಯಲ್ಲಿ ಮಲಗುತ್ತಿದ್ದಳು, ನಿಲ್ಲುತ್ತಿದ್ದಳು, ಕೂರುತ್ತಿರಲಿಲ್ಲ. ಕೌದಿಯನ್ನು ಜೋಳದ ಕಣಜದ ಮೇಲೆ ಹರಡಿಕೊಂಡು ನಿಂತು ಹೊಲಿಯುತ್ತಿದ್ದಳು. ಸಂಜೆ ಹೊತ್ತಿಗೆ ಕಾಲು ಬಾತು ಹಿಮ್ಮಡಿ ಕೆಂಪಾಗುತ್ತಿತ್ತು. ಕಸ್ತೂರಿ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಅದಕ್ಕೆ ಮಲಗಿಕೊಳ್ಳುತ್ತಿದ್ದಳು. ಮಾತು ನಿಲ್ಲಿಸಲಿಲ್ಲ. ಮಳೆ, ಜೋಳ, ಪಕ್ಕದ ಮನೆಯ ಬಾಣಂತಿ, ಎಲ್ಲ ಮಾತಾಡುತ್ತಿದ್ದಳು. ಗೋಡೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ನಾನು ಊಟಕ್ಕೆ ಕೂತಾಗ ಅವಳು ನನ್ನ ಎದುರಿಗೆ ನಿಂತಿರುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಗೆ ಬೇರೆ ಚಂದದ ಹೆಸರು ಕೊಡಲು ಕೆಲವು ದಿನ ಪ್ರಯತ್ನಿಸಿದೆ, ಆಗಲಿಲ್ಲ.

ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಬೀದಿಗೆ ಮುಖ ಮಾಡಿದ ಗೋಡೆಯ ಮೇಲೆ ಅತ್ತೆಯನ್ನು ಬರೆದೆ. ಯಾರೂ ಹೇಳಲಿಲ್ಲ, ಕೂಲಿಯೂ ಇರಲಿಲ್ಲ. ಕಾಗದ ಚುಚ್ಚಲಿಲ್ಲ, ಕಣ್ಣಳತೆಯಲ್ಲೇ ಬರೆದೆ. ಕಿಂಡಿಯ ಎಣ್ಣೆಯ ಕಪ್ಪು ಬೇಡವೆಂದು ಹಂಚಿನ ಮಸಿಯಲ್ಲಿ ಗೆರೆ ಎಳೆದೆ, ಗೆರೆ ತೆಳುವಾಯಿತು. ಆಳೆತ್ತರ, ಎರಡೂ ಕೈ ಕೆಳಗೆ ಬಿಟ್ಟು, ಪಾದ ನೆಲಕ್ಕೆ ತಾಗಿಸಿ. ಅತ್ತೆ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಸೀರಿ ಅಂಚು ಇಷ್ಟ ದೊಡ್ಡದಲ್ಲ" ಅಂದಳು. ಆಮೇಲೆ ಒಳಗೆ ಹೋದಳು. ಅವತ್ತೂ ನಿಂತೇ ಉಂಡಳು.

ವರ್ಷ ಕಳೆಯಿತು. ಮನೆ ಒಂದು ಗೇಣು ಇಳಿಯಿತು. ಚಿತ್ರದ ಅತ್ತೆಯ ಪಾದ ಮುಚ್ಚಿ, ಕಾಲ್ಬೆರಳು, ಹರಡು, ಎಲ್ಲ ಮಣ್ಣಿನಡಿಗೆ ಹೋಯಿತು. ಬೀದಿಯಲ್ಲಿ ಹೋಗುವವರು ನಿಂತು, "ಈರಬಸಪ್ಪಾ, ಎತ್ತಿ ಬರಿಯಪಾ, ನೋಡಾಕ ಆಗವಲ್ತು" ಅನ್ನತೊಡಗಿದರು. ನಾನು ಎತ್ತಲಿಲ್ಲ. ಮತ್ತೊಂದು ವರ್ಷಕ್ಕೆ ಮೀನಖಂಡ ಮುಚ್ಚಿತು. ಜನ ಈಗ ಎತ್ತು ಅನ್ನುವುದನ್ನು ಬಿಟ್ಟು, ಸುಮ್ಮನೆ ನಿಂತು ನೋಡಿ ತಮ್ಮ ತಮ್ಮ ಹೊಸ್ತಿಲಿನ ಕಡೆ ತಿರುಗಿ ನೋಡುತ್ತಿದ್ದರು. ನೀರಿನ ಕತ್ತೆ ಹೊಡೆಯುವ ದುರ್ಗವ್ವ ಒಂದು ದಿನ ಬಂದು, ತನ್ನ ಮನೆಯ ಹೊರಗೋಡೆಯ ಮೇಲೂ ತನ್ನ ಅವ್ವನನ್ನು ಹಾಗೆಯೇ ಬರೆದುಕೊಡಬೇಕು, ನಿಲ್ಲಿಸಿ ಬರೆಯಬೇಕು ಎಂದಳು. ಬರೆದೆ. ಆಮೇಲೆ ಇನ್ನೂ ನಾಲ್ಕು ಮನೆಯವರು ಕೇಳಿದರು. ದೊಡ್ಡದೇನೂ ಆಗಲಿಲ್ಲ. ಗುರುವಾರದ ಗಾಡಿ ಎಂದಿನಂತೆ ಬಂತು, ಸೋಮವಾರದ ಗಾಡಿಯೂ ಬಂತು. ಗಾಡಿಯವರು ಮಾತ್ರ ಆರು ಮನೆಗಳ ಮುಂದೆ ತಲೆ ತಗ್ಗಿಸಿಕೊಂಡು ಕೊಳವೆ ಬಿಡುತ್ತಿದ್ದರು.

ಮೂರನೆಯ ವರ್ಷ ಅತ್ತೆಯ ಚಿತ್ರ ಮೊಣಕಾಲವರೆಗೆ ಮುಚ್ಚಿದಾಗ ವಾಮನರಾಯರು ತಾವೇ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ. ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದರು, ಚಿತ್ರ ಗೊತ್ತಿರುವವರ ಹಾಗೆ ನೋಡಿದರು.

"ಛಲೋ ಬರದಿಯಪ್ಪ" ಅಂದರು. "ಆದ್ರ ಹಿಂಗ ಅರ್ಧಾ ಮುಚ್ಚಿದ್ದು ಚಂದ ಕಾಣೂದಿಲ್ಲ. ಇವರನ್ನೂ ಕೂಡಿಸಿಬಿಡು. ಉಳಿದ ಐದ ಮನೀದೂ ಅಷ್ಟ ಮಾಡು. ಒಂದ ದಿನದ ಕೆಲಸ ಅದ ನಿಂಗ."

ಅವರು ಹೇಳಿದ್ದು ಸರಿಯಿತ್ತು, ಒಂದು ದಿನದ ಕೆಲಸ. ನಮ್ಮ ಬಾಗಿಲು ಆಗಲೇ ನನ್ನ ಹಣೆಮಟ್ಟಕ್ಕೆ ಬಂದಿತ್ತು, ಮೇಲೆ ಇನ್ನೊಂದು ಅಂತಸ್ತು ಶುರುಮಾಡಬೇಕಿತ್ತು. ಒಳಗೆ ಪಾತ್ರೆಯ ಸದ್ದು ನಿಂತಿತು. ಕಸ್ತೂರಿಯೂ ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿಯಿತು.

"ಆಗೂದಿಲ್ರೀ ಸಾಹೇಬ್ರ" ಎಂದೆ. "ಆಕಿ ಕೂಡ್ರಾಕಿ ಅಲ್ರೀ."

ಗಟ್ಟಿಯಾಗಿ ಹೇಳಲಿಲ್ಲ. ವಾಮನರಾಯರು ನನ್ನನ್ನು ಒಂದು ಕ್ಷಣ ನೋಡಿ, "ಆಯ್ತು, ನಿನ್ನ ಮರ್ಜಿ" ಎಂದು ಹೊರಟುಹೋದರು.

ಆ ಸೋಮವಾರ ಇಟ್ಟಿಗೆ ಗಾಡಿ ನಮ್ಮ ಬೀದಿಗೆ ಬಂದು, ನಮ್ಮ ಮನೆಯನ್ನು ದಾಟಿ, ಮುಂದಿನ ಮನೆಗೆ ಇಳಿಸಿತು. ದುರ್ಗವ್ವನ ಮನೆಯನ್ನೂ ದಾಟಿತಂತೆ. ಕಸ್ತೂರಿ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು ಗಾಡಿ ತಿರುವು ದಾಟುವವರೆಗೆ ನೋಡಿ ಒಳಗೆ ಬಂದಳು. ಮೂರು ತಟ್ಟೆಗೆ ಬಡಿಸಿದಳು. ಅತ್ತೆ ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದು ಕೈಯನ್ನು ಮೊಣಕಾಲಿಗೆ ಊರಿ, ನಿಧಾನವಾಗಿ ಚಾಪೆಯ ಮೇಲೆ ಕೂತಳು. "ರೊಟ್ಟಿ ಆರತಾವ, ಉಣ್ಣಪಾ" ಎಂದಳು.